ಪಿಎಫ್ ಪಾಸ್‌ಬುಕ್‌ನಲ್ಲಿ 550 ಮಾತ್ರ ಏಕೆ?

ಪ್ರಶ್ನೆ: ದೊಡ್ಡ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ನನ್ನದು. ಮೂಲ ವೇತನ 15,000 ರೂ. ಪಗಾರದಲ್ಲಿ ಪಿಎಫ್‌ಗೆಂದು 1,800 ಹಿಡಿಯುತ್ತಾರೆ, ಪಾಸ್‌ಬುಕ್‌ನಲ್ಲಿ ಮಾಲೀಕರ ಪಾಲು ಬರೀ 550. ಗುತ್ತಿಗೆದಾರರು ಬದಲಾದ ಮೇಲೆ ಹೊಸ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಕೊಟ್ಟಿದ್ದಾರೆ. ಹಳೇ ದುಡ್ಡು ತೆಗೆದುಬಿಡಲೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: 550 ನೋಡಿ ಗಾಬರಿಯಾಗಬೇಡಿ. ಮಾಲೀಕರೂ ಶೇ 12ರಂತೆ 1,800 ಕಟ್ಟುತ್ತಾರೆ. ಅದರಲ್ಲಿ ಶೇ 8.33, ಅಂದರೆ 1,250 ರೂ. ಪಿಂಚಣಿಗೆ ಹೋಗಿ ಬೇರೆ ಕಾಲಂನಲ್ಲಿ ಕಾಣುತ್ತದೆ. ಯಾವುದಾದರೂ ತಿಂಗಳು ಬಿಟ್ಟುಹೋಗಿದೆಯೇ ನೋಡಿ. ಹಿಂದಿನ ತಿಂಗಳ ವಂತಿಗೆ 15ನೇ ತಾರೀಕಿನೊಳಗೆ ಕಟ್ಟಬೇಕು. ಗುತ್ತಿಗೆದಾರರು ಕಟ್ಟದಿದ್ದರೆ ಕಾರ್ಖಾನೆಯೇ ಹೊಣೆ, ಪಗಾರ ಚೀಟಿ ಇಟ್ಟು ಎಚ್‌ಆರ್ ವಿಭಾಗಕ್ಕೆ ಬರೆದುಕೊಡಿ.

ನಿಜವಾದ ತೊಡಕು ಎರಡನೇ ಯುಎಎನ್. ಕೆಲಸ ಎಷ್ಟು ಬದಲಾದರೂ 12 ಅಂಕಿಯ ಸಂಖ್ಯೆ ಒಂದೇ ಇರಬೇಕು. ಪಿಂಚಣಿಗೆ 10 ವರ್ಷದ ಸೇವೆ ಬೇಕು. ನಡುವೆ ಪಿಂಚಣಿ ಹಣವನ್ನೂ ತೆಗೆದರೆ ಅಲ್ಲಿಯವರೆಗಿನ ಸೇವೆ ಲೆಕ್ಕದಿಂದ ಹೋಯಿತು. ಆದ್ದರಿಂದ ತೆಗೆಯಬೇಡಿ, ಹೊಸ ಖಾತೆಗೆ ವರ್ಗಾಯಿಸಿ. ವರ್ಗಾವಣೆ ಅರ್ಜಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಎರಡೇ ಕಡೆ: ಆಧಾರ್‌ನ ಹೆಸರು, ಜನ್ಮದಿನಾಂಕ ತಾಳೆಯಾಗದೆ, ಇಲ್ಲವೇ ಹಳೇ ಗುತ್ತಿಗೆದಾರರು ಕೆಲಸ ಬಿಟ್ಟ ದಿನಾಂಕ ನಮೂದಿಸದೆ. ಕೊನೆಯ ವಂತಿಗೆಯಾಗಿ 2 ತಿಂಗಳು ಕಳೆದ ಮೇಲೆ ಆ ದಿನಾಂಕವನ್ನು ಪಿಎಫ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಅವರ ಸಹಿಗೆ ಅಲೆಯಬೇಕಿಲ್ಲ.

ಪ್ರಶ್ನೆ: ಗುತ್ತಿಗೆ ಮಹಿಳೆಯರಿಗೂ ಹೆರಿಗೆ ರಜೆ ಇದೆಯೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಇದೆ. ಮೊದಲೆರಡು ಮಕ್ಕಳಿಗೆ 26 ವಾರ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಹಣ ಅಲ್ಲಿಂದಲೇ ಬರುತ್ತದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) ಒಟ್ಟು 70 ದಿನದ ವಂತಿಗೆ ಆಗಿರಬೇಕು.