ಗಾಡಿ ಓಟದಲ್ಲಿ ಪಕ್ಕದ ಗಾಡಿ ಅಡ್ಡ ಬಂತು, ಕಮಿಟಿ ತಕರಾರು ಕೇಳಲಿಲ್ಲ. ಈಗ ಏನು ಮಾಡಬಹುದು?

ಚಕ್ರದ ನಡುವಿನ ಗುಂಬಕ್ಕೆ ಗುಂಬ ತಾಗಿತು, ಎತ್ತು ಕಂಗಾಲಾದವು, ಎದುರಾಳಿ ಗೆದ್ದ. ವಿಡಿಯೋ ಇದೆ, ಬೇಕೂಂತಲೇ ಅಡ್ಡ ಬಂದ ಅಂತ ಹೇಗೆ ತೋರಿಸೋದು, ಪೊಲೀಸರಿಗೆ ದೂರು ಕೊಟ್ಟರೆ ಬಹುಮಾನ ಸಿಗುತ್ತಾ ಅಂತ ಕೇಳಿದ್ದೀರಿ. ನನ್ನದೂ ಹೆಚ್ಚುಕಮ್ಮಿ ಇದೇ ಕಥೆ. ನನ್ನ ಹತ್ತಿರ ವಿಡಿಯೋಗಿಂತ ಒಳ್ಳೆ ಸಾಕ್ಷಿ ಇತ್ತು. ಆದರೂ ಸೋತೆ.

ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಿ ಅಪ್ಪ ಹಿಡಿದ ಹಳ್ಳಿಕಾರ್ ಜೋಡಿ. ಬಲಗೋಲಿನದು, ಅಂದರೆ ನೊಗದ ಬಲಗಡೆ ಕಟ್ಟುವುದು, ಬೆಂಕಿ. ಎಡಗೋಲಿನದು ಸ್ವಲ್ಪ ನಿಧಾನ, ಆದರೆ ಹೇಳಿದ ಮಾತು ಕೇಳುತ್ತಿತ್ತು. ಪಕ್ಕದ ಊರಿನವರು ಹಬ್ಬಕ್ಕೆ ಕಬ್ಬು ಕಡಿದ ಬಯಲಲ್ಲಿ ಓಟ ಇಟ್ಟಿದ್ದರು. ನೇರ ಟ್ರ್ಯಾಕ್, ನಡುವೆ ಸುಣ್ಣದ ಗೆರೆ, ಒಂದು ಸಲಕ್ಕೆ ಎರಡು ಗಾಡಿ. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಚೀಟಿ ಎತ್ತಿದಾಗ ನನಗೆ ಎಡಗಡೆ ಬಂತು.

ಅರ್ಧ ದಾರಿವರೆಗೆ ಎರಡೂ ಗಾಡಿ ಸರಿಸಮ. ನಮ್ಮೆತ್ತಿನ ಮೂತಿ ಮುಂದಿತ್ತು ಅಂತ ನಾನು ಹೇಳುತ್ತೇನೆ, ಅವನನ್ನು ಕೇಳಿದರೆ ಅವನದು ಮುಂದಿತ್ತು ಅನ್ನುತ್ತಾನೆ. ಇರಲಿ. ಅಲ್ಲಿಂದ ಅವನ ಗಾಡಿ ಎಡಕ್ಕೆ ವಾಲಲು ಶುರುವಾಯಿತು. ಮೊದಲು ಸುಣ್ಣದ ಗೆರೆ ಮೇಲೆ ಬಂತು. ಆಮೇಲೆ ಗೆರೆ ದಾಟಿತು. ನಾನು ಕೂಗಿದೆ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಕಟಕ್ ಅಂತ ಸದ್ದು ಬಂತು, ನನ್ನ ಬಲಗಡೆ ಚಕ್ರ ನಡುಗಿತು, ಗಾಡಿಯಿಂದ ನೊಗಕ್ಕೆ ಹೋಗುವ ಮೂಕಿ ಮರ ಒಂದು ಸಲ ಎಡಕ್ಕೆ ಹೊಡೆಯಿತು. ಎತ್ತುಗಳು ಹೆಜ್ಜೆ ತಪ್ಪಿದವು, ಆದರೆ ಬೀಳಲಿಲ್ಲ. ಆಗ ನಾನು ಹಗ್ಗ ಜಗ್ಗಿ ಗಾಡಿ ನಿಲ್ಲಿಸಿದೆ. ನಿಲ್ಲಿಸಿ, ಗಾಡಿ ಮೇಲೇ ಎದ್ದು ನಿಂತು, ಕಮಿಟಿ ಕಡೆ ಟವೆಲ್ ಬೀಸಿದೆ.

ನನ್ನನ್ನು ಸೋಲಿಸಿದ್ದು ಅದೇ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಯಾಕೆ ನಿಲ್ಲಿಸಿದೆ? ರಸ್ತೆಯಲ್ಲಿ ಬೈಕಿಗೆ ಕಾರು ಗುದ್ದಿದರೆ ಪೊಲೀಸರು ಬರುವವರೆಗೆ ಗಾಡಿ ಸರಿಸಬಾರದು ಅಂತಾರಲ್ಲ, ಅದೇ ಬುದ್ಧಿ ಓಡಿತು. ಇದ್ದ ಜಾಗದಲ್ಲೇ ನಿಂತರೆ ಎಲ್ಲರೂ ಬಂದು ನೋಡುತ್ತಾರೆ, ತಪ್ಪು ಯಾರದು ಅಂತ ಅಲ್ಲೇ ಗೊತ್ತಾಗುತ್ತೆ ಅಂದುಕೊಂಡೆ. ಬಂದು ನೋಡಿದ್ದೂ ನಿಜ. ಕಮಿಟಿಯ ಹಿರಿಯರೊಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ನನ್ನ ಚಕ್ರದ ಅರಗಳ ಮೇಲೆ ಕೀಲೆಣ್ಣೆ ಕಪ್ಪಗೆ ಬಳಿದುಕೊಂಡಿತ್ತು, ಗೇಣುದ್ದ. ಅದು ಅವನ ಗುಂಬದ್ದು. ನಮ್ಮ ಗುಂಬದ ಎಣ್ಣೆ ನಮ್ಮ ಅರಕ್ಕೆ ಹೊರಗಡೆಯಿಂದ ಮೆತ್ತಿಕೊಳ್ಳೋಕೆ ಸಾಧ್ಯವೇ ಇಲ್ಲ. ಅವರು ಬೆರಳಲ್ಲಿ ಒರೆಸಿ ಮೂಸಿ ನೋಡಿದರು. ಅವನ ಚಕ್ರದ ಗುರುತು ಸುಣ್ಣದ ಗೆರೆ ದಾಟಿ ನಮ್ಮ ಕಡೆ ಬಂದಿದ್ದನ್ನೂ ನೋಡಿದರು.

"ತಗುಲೈತೆ ಕಣಪ್ಪ, ನಿಜ. ಆದ್ರೆ ನೀನ್ಯಾಕ್ಲಾ ನಿಂತ್ಕೊಂಡೆ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ತಾಗಿದ್ದರಿಂದ ನಾನು ಎಷ್ಟು ಹಿಂದೆ ಬೀಳುತ್ತಿದ್ದೆ? ಒಂದು ಮೂತಿಯಷ್ಟೋ, ಒಂದು ಗಾಡಿಯಷ್ಟೋ? ಓಡಿಸಿಕೊಂಡು ಹೋಗಿ ಒಂದು ಮೂತಿಯಿಂದ ಸೋತಿದ್ದರೆ ಆ ಮೂತಿ ಎಲ್ಲಿ ಹೋಯಿತು ಅಂತ ಚಿಕ್ಕ ಮಗುವಿಗೂ ಗೊತ್ತಾಗುತ್ತಿತ್ತು. ಗೆದ್ದೇ ಬಿಟ್ಟಿದ್ದರೆ ತಕರಾರೇ ಬೇಕಾಗಿರಲಿಲ್ಲ. ನಿಂತದ್ದರಿಂದ ನಾನು ಅರ್ಧ ಟ್ರ್ಯಾಕ್ ಹಿಂದೆ ಉಳಿದೆ, ಆ ಅರ್ಧ ಟ್ರ್ಯಾಕ್ ಅವನಿಂದ ಹೋದದ್ದಲ್ಲ, ನನ್ನ ಕೈಯಿಂದಲೇ ಹೋದದ್ದು. ಅವನಿಗೂ ಮಾತಾಡಲು ಜಾಗ ಸಿಕ್ಕಿತು. "ಎತ್ತು ಸುಸ್ತಾಗಿದ್ವು, ನೆಪಕ್ಕೆ ನಿಲ್ಲಿಸ್ದ" ಅಂದ. ಜನ ನಕ್ಕರು. ಗೆರೆ ದಾಟಿದವನು ಗುರಿ ಮುಟ್ಟಿದ್ದ, ಗೆರೆ ದಾಟದವನು ಮುಟ್ಟಿರಲಿಲ್ಲ. ಮೈಕಿನಲ್ಲಿ ಅವನ ಹೆಸರೇ ಕೂಗಿದರು.

ಸಿಟ್ಟು ವರ್ಷಗಟ್ಟಲೆ ಇತ್ತು. ಕಮಿಟಿಯವರು ಮೋಸ ಮಾಡಿದರು ಅಂತಲೇ ಹೇಳಿಕೊಂಡು ತಿರುಗುತ್ತಿದ್ದೆ. ಮೈಸೂರಿಗೆ ಕೆಲಸಕ್ಕೆ ಬಂದ ಮೇಲೆ, ಚಾಮುಂಡಿ ಬೆಟ್ಟದ ಕೆಳಗಿನ ರೇಸ್ ಕೋರ್ಸಿನಲ್ಲಿ ಕುದುರೆ ಲಾಯದ ಕೆಲಸ ಮಾಡುವ ಒಬ್ಬ ಗೆಳೆಯನಾದ. ಮೈಸೂರು ರೇಸ್ ಕ್ಲಬ್ಬು 1891ರದು, ಅಷ್ಟು ಹಳೆ ಜಾಗದಲ್ಲಿ ತಕರಾರಿಗೆ ಒಂದು ಪದ್ಧತಿ ಇಲ್ಲದೆ ಇರುತ್ತಾ? ಅವನಿಗೆ ನನ್ನ ಕಥೆ ಹೇಳಿದೆ. ಅವನು ನನ್ನ ಕಡೆ ಮಾತಾಡಲಿಲ್ಲ. "ಅಡ್ಡ ಬಂದದ್ದು ಒಂದು ವಿಷಯ, ಅದರಿಂದ ನಿನ್ನ ಜಾಗ ಹೋಯ್ತಾ ಅನ್ನೋದು ಬೇರೆ ವಿಷಯ. ಸ್ಟೂವರ್ಡ್‌ಗಳು, ಅಂದ್ರೆ ಓಟದ ತೀರ್ಪುಗಾರರು, ನೋಡೋದು ಎರಡನೇದನ್ನ" ಅಂದ. ಅವನೇ ಫೋನಿನಲ್ಲಿ ಹಾರ್ನೆಸ್ ರೇಸ್ ತೋರಿಸಿದ. ನಮ್ಮ ಗಾಡಿ ಓಟಕ್ಕೆ ಅದಕ್ಕಿಂತ ಹತ್ತಿರದ ನೆಂಟ ಇನ್ನೊಂದಿಲ್ಲ.

ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಸ್ವೀಡನ್ ಕಡೆ ಇದು ದೊಡ್ಡ ಆಟ. ಕುದುರೆ ಹಿಂದೆ ಸಲ್ಕಿ ಅನ್ನೋ ಎರಡು ಚಕ್ರದ ಹಗುರ ಗಾಡಿ, ಅದರಲ್ಲಿ ಒಬ್ಬ ಡ್ರೈವರ್. ತಮಾಷೆ ಅಂದರೆ ಅಲ್ಲಿ ಕುದುರೆ ನಾಗಾಲೋಟ ಓಡುವಂತಿಲ್ಲ! ಟ್ರಾಟ್ ಆದರೆ ಓರೆಯಾಗಿ ಮುಂದಿನ ಒಂದು ಕಾಲು, ಹಿಂದಿನ ಇನ್ನೊಂದು ಕಾಲು ಒಟ್ಟಿಗೆ ಎತ್ತಬೇಕು. ಪೇಸ್ ಆದರೆ ಒಂದೇ ಕಡೆಯ ಎರಡೂ ಕಾಲು ಒಟ್ಟಿಗೆ. ನಡೆ ತಪ್ಪಿ ನಾಗಾಲೋಟಕ್ಕೆ ಬಿದ್ದರೆ ಡ್ರೈವರ್ ಪಕ್ಕಕ್ಕೆ ತಂದು, ಹಗ್ಗ ಬಿಗಿ ಹಿಡಿದು, ಮತ್ತೆ ನಡೆಗೆ ತರಬೇಕು. ಹಾಗಾಗಿ ಪಕ್ಕದವನು ಸ್ವಲ್ಪ ಒತ್ತಿದರೂ ಸಾಕು, ನಡೆ ತಪ್ಪಿತು ಅಂದರೆ ಓಟವೇ ಹೋಯಿತು. ಅದಕ್ಕೇ ಅಡ್ಡಿ ಬಗ್ಗೆ ಅವರ ನಿಯಮ ಅಷ್ಟು ಖಡಕ್.

ಅಮೆರಿಕದ ನಿಯಮದಲ್ಲಿ ನನಗೆ ಚುರುಕ್ ಅನ್ನಿಸಿದ್ದು ಎರಡು. ಒಂದು, ಪ್ರತಿ ಕುದುರೆಯನ್ನೂ ಕೊನೆವರೆಗೆ ಓಡಿಸಲೇಬೇಕು. ಅಡ್ಡ ಬಂದ ಅಂತ ನಡುವೆ ನಿಂತು ಟವೆಲ್ ಬೀಸುವ ಹಾಗಿಲ್ಲ. ಇನ್ನೊಂದು, ತಕರಾರು ಇದ್ದರೆ ಓಟ ಮುಗಿದ ತಕ್ಷಣ, ಸಲ್ಕಿಯಿಂದ ಇಳಿಯುವ ಮುಂಚೆಯೇ ಸನ್ನೆ ಮಾಡಿ ಹೇಳಬೇಕು. ಇಳಿದ ಮೇಲೆ ನೇರ ಜಡ್ಜ್‌ಗಳ ಹತ್ತಿರ ಹೋಗಬೇಕು, ಇಲ್ಲಾ ಅಲ್ಲಿರುವ ಫೋನಿನಲ್ಲಿ ಮಾತಾಡಬೇಕು. ಅಷ್ಟರವರೆಗೆ ಫಲಿತಾಂಶ ಖಾಯಂ ಅಂತ ಬೋರ್ಡ್ ಹಾಕುವುದಿಲ್ಲ. ನಮ್ಮಲ್ಲಿ ಮೈಕಿನವನು ಗಾಡಿ ನಿಲ್ಲುವ ಮುಂಚೆಯೇ ಹೆಸರು ಕೂಗಿರುತ್ತಾನೆ. ಕೂಗಿದ ಹೆಸರು ವಾಪಸ್ ತಗೊಳ್ಳೋದು ಯಾವ ಕಮಿಟಿಗೂ ಆಗದ ಮಾತು. ಮರ್ಯಾದೆ ಪ್ರಶ್ನೆ.

ನಿಮ್ಮ ವಿಷಯಕ್ಕೆ ಬರೋಣ. ನೀವು ಓಟ ಮುಗಿಸಿದ್ದೀರಿ, ಅಷ್ಟರ ಮಟ್ಟಿಗೆ ನನಗಿಂತ ವಾಸಿ. ಆದರೆ ನೀವು ಕೇಳಿರುವ ಪ್ರಶ್ನೆಯೇ ತಪ್ಪು ಅಂತ ನನಗನ್ನಿಸುತ್ತೆ. "ಬೇಕೂಂತಲೇ" ಅನ್ನೋದನ್ನು ಬಿಟ್ಟುಬಿಡಿ. ಅವನ ಮನಸ್ಸಿನಲ್ಲಿ ಏನಿತ್ತು ಅಂತ ಯಾವ ವಿಡಿಯೋ ತೋರಿಸುತ್ತೆ? ಹಾರ್ನೆಸ್ ರೇಸಿನಲ್ಲೂ ಅಡ್ಡ ಬಂದವನ ಸ್ಥಾನ ಹಿಂದಕ್ಕೆ ಹಾಕೋಕೆ ಅದು ಬೇಕಿಲ್ಲ. ಡ್ರೈವರ್‌ಗೆ ದಂಡ ಹಾಕಬೇಕಾ, ಕೆಲವು ದಿನ ಓಡಿಸದಂತೆ ತಡೆಯಬೇಕಾ ಅನ್ನೋವಾಗ ಮಾತ್ರ ಅವನ ಅಜಾಗರೂಕತೆ, ದುರುದ್ದೇಶ ಎಲ್ಲ ತೂಗುತ್ತಾರೆ. ನೀವು "ಬೇಕೂಂತ ಮಾಡಿದ" ಅಂದ ಕೂಡಲೇ ಅವನ ಊರಿನವರೆಲ್ಲ ಅವನ ಹಿಂದೆ ನಿಲ್ಲುತ್ತಾರೆ. ಎತ್ತಿನ ಮಾತು ಹೋಗಿ ಊರಿನ ಮಾತಾಗುತ್ತೆ.

ಎತ್ತು ವಾಲೋದಕ್ಕೆ ಕಾರಣ ಬೇರೆಯೂ ಇರುತ್ತೆ. ಒಂದೇ ನೊಗಕ್ಕೆ ಕಟ್ಟಿದ ಜೋಡಿ. ಬಲಗೋಲಿನದು ಎಡಗೋಲಿನದಕ್ಕಿಂತ ಜೋರಾದರೆ ನೊಗ ತಿರುಗಿ ಗಾಡಿ ಎಡಕ್ಕೆ ಎಳೆಯುತ್ತೆ. ಹೊಡೆಯುವವನು ಹಗ್ಗದಲ್ಲಿ ಅದನ್ನು ಸರಿ ಮಾಡಬೇಕು, ಮಾಡದಿದ್ದರೆ ಅದು ಅವನ ತಪ್ಪು, ಸರಿ. ಆದರೆ ನನ್ನ ಓಟದಲ್ಲಿ ಆದದ್ದು ಅದೂ ಅಲ್ಲ. ಆಮೇಲೆ ಯಾರೋ ಹೇಳಿದರು, ಬಲಗಡೆ ಜನ ಟ್ರ್ಯಾಕಿನೊಳಗೆ ನುಗ್ಗಿದ್ದರಂತೆ, ಅವನ ಎತ್ತು ಬೆದರಿ ನನ್ನ ಕಡೆ ಸರಿದದ್ದಂತೆ. ಹಾಗಿದ್ದರೆ ತಪ್ಪು ಹಗ್ಗ ಕಟ್ಟಿ ಜನರನ್ನು ತಡೆಯದ ಕಮಿಟಿಯದು. ನಾನು ಅವನ ಜೊತೆ ಮಾತು ಬಿಟ್ಟಿದ್ದು ಸುಮ್ನೆ.

ವಿಡಿಯೋ ವಿಷಯ. ವೇದಿಕೆ ಪಕ್ಕದಿಂದ ತೆಗೆದದ್ದು ಅಂತ ಬರೆದಿದ್ದೀರಿ. ಪಕ್ಕದಿಂದ ತೆಗೆದರೆ ಯಾರು ಮುಂದೆ ಅನ್ನೋದು ಗೊತ್ತಾಗುತ್ತೆ, ಯಾರು ಯಾರ ಕಡೆ ಸರಿದ ಅನ್ನೋದು ಗೊತ್ತಾಗುವುದಿಲ್ಲ. ಎರಡು ಗಾಡಿ ನಡುವೆ ಮಾರು ಜಾಗ ಇದ್ದರೂ ಅಂಟಿಕೊಂಡ ಹಾಗೆ ಕಾಣುತ್ತೆ. ರೇಸ್ ಕೋರ್ಸುಗಳಲ್ಲಿ ಎದುರಿನಿಂದಲೂ ಕ್ಯಾಮೆರಾ ಇಡೋದು ಇದಕ್ಕೇ. ನಿಮ್ಮ ಕಡೆಯ ಯಾರಾದರೂ ಗುರಿ ಹಿಂದೆ ನಿಂತು ಎದುರಿನಿಂದ ತೆಗೆದಿದ್ದರೆ ಅದನ್ನು ಹುಡುಕಿ. ಇಲ್ಲದಿದ್ದರೆ ನಿಮ್ಮ ವಿಡಿಯೋ ವಾಟ್ಸಾಪ್‌ನಲ್ಲಿ ಸಿಟ್ಟು ತೀರಿಸಿಕೊಳ್ಳೋಕೆ ಆಗುತ್ತೆ, ಅಷ್ಟೇ. ಚಕ್ರದ ಗುರುತು ಅದಕ್ಕಿಂತ ಒಳ್ಳೆ ಸಾಕ್ಷಿ. ಆದರೆ ಮುಂದಿನ ಜೋಡಿ ಬಿಟ್ಟ ಕೂಡಲೇ ಅದು ಅಳಿಸಿ ಹೋಗುತ್ತೆ. ಅದಕ್ಕೇ ಮೊದಲು "ಮುಂದಿನ ಗಾಡಿ ಬಿಡಬೇಡಿ" ಅಂತ ಕೇಳಬೇಕು, ಉಳಿದ ಜಗಳ ಆಮೇಲೆ.

ಇನ್ನು ತಕರಾರು ಗೆದ್ದರೆ ಬಹುಮಾನ ನಿಮ್ಮದೇ ಅಂದುಕೊಂಡಿದ್ದೀರಿ. ಹಾಗೇನಿಲ್ಲ. ಅಮೆರಿಕದಲ್ಲಿ ಹ್ಯಾಂಬಲ್ಟೋನಿಯನ್ ಅಂತ, ಮೂರು ವರ್ಷ ವಯಸ್ಸಿನ ಟ್ರಾಟ್ ಕುದುರೆಗಳ ದೊಡ್ಡ ಓಟ ಇದೆ, 1926ರಿಂದ ನಡೆಯುತ್ತಿದೆ. 2017ರ ಆಗಸ್ಟ್‌ನಲ್ಲಿ ನ್ಯೂಜೆರ್ಸಿಯ ಮೆಡೋಲ್ಯಾಂಡ್ಸ್‌ನಲ್ಲಿ ವಾಟ್ ದ ಹಿಲ್ ಅನ್ನೋ ಕುದುರೆ ಮೊದಲು ಗುರಿ ಮುಟ್ಟಿತು. ಜಡ್ಜ್‌ಗಳು ವಿಡಿಯೋ ನೋಡಿದರು. ಕೊನೆಯ ನೇರದಲ್ಲಿ ಅದು ಹೊರಕ್ಕೆ ಸರಿದಾಗ ಗಾರ್ಡಿಯನ್ ಏಂಜಲ್ ಆಸ್ ಅನ್ನೋ ಕುದುರೆಗೆ ಅಡ್ಡಿಯಾಗಿ ಅದು ನಡೆ ತಪ್ಪಿತ್ತು. ವಾಟ್ ದ ಹಿಲ್ ಅನ್ನು ಹಿಂದಕ್ಕೆ ಹಾಕಿದರು. ಗೆಲುವು ಯಾರಿಗೆ ಹೋಯಿತು? ಅಡ್ಡಿಯಾದ ಕುದುರೆಗಲ್ಲ. ಪರ್ಫೆಕ್ಟ್ ಸ್ಪಿರಿಟ್ ಅನ್ನೋ ಬೇರೊಂದಕ್ಕೆ, ಈ ಗಲಾಟೆಗೂ ತನಗೂ ಸಂಬಂಧವೇ ಇಲ್ಲದೆ ಎರಡನೆಯದಾಗಿ ಬಂದಿದ್ದ ಕುದುರೆಗೆ. ಅಡ್ಡ ಬಂದವನನ್ನು ಅಡ್ಡಿಯಾದವನ ಹಿಂದೆ ಹಾಕುತ್ತಾರೆ, ಅಡ್ಡಿಯಾದವನನ್ನು ಎತ್ತಿ ಮೊದಲ ಜಾಗದಲ್ಲಿ ಕೂರಿಸುವುದಿಲ್ಲ. ಇದು ನನಗೆ ಅರ್ಥವಾದ ದಿನ ಆ ಹಿರಿಯರ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಇಬ್ಬಿಬ್ಬರೇ ಓಡುವ ನಮ್ಮ ಓಟದಲ್ಲಿ ಒಬ್ಬನನ್ನು ಹಿಂದೆ ಹಾಕಿದರೆ ಇನ್ನೊಬ್ಬ ಗೆದ್ದ ಹಾಗೆ, ನಿಜ. ಆದರೂ ಕೇಳಬೇಕಾದದ್ದು ಗೆಲುವಲ್ಲ, ಮರು ಓಟ. "ನನ್ನನ್ನು ಗೆಲ್ಲಿಸಿ" ಅಂದರೆ ಕಮಿಟಿ ಯಾರನ್ನೋ ಸೋಲಿಸಬೇಕು, ಅದಕ್ಕೆ ಧೈರ್ಯ ಬೇಕು. "ಎತ್ತಿಗೆ ನೀರು ಕುಡಿಸಿ, ಕೊನೆಗೆ ಇನ್ನೊಂದು ಸಲ ಬಿಡಿ" ಅಂದರೆ ಜನರೂ ಚಪ್ಪಾಳೆ ಹೊಡೆಯುತ್ತಾರೆ, ಅವರಿಗೆ ಇನ್ನೊಂದು ಓಟ ಪುಕ್ಕಟೆ. ಮರು ಓಟಕ್ಕೆ ನಿಮ್ಮ ಎದುರಾಳಿ ಒಪ್ಪದಿದ್ದರೆ ಜನಕ್ಕೆ ಅಲ್ಲೇ ಗೊತ್ತಾಗುತ್ತೆ. ಆದರೆ ಇದೆಲ್ಲ ಅವತ್ತೇ ಆಗಬೇಕಿತ್ತು. ವಾರ ಕಳೆದ ಮೇಲೆ, ಬಹುಮಾನದ ದುಡ್ಡು ಖರ್ಚಾದ ಮೇಲೆ, ಯಾವ ಕಮಿಟಿಯೂ ಕೂರುವುದಿಲ್ಲ. ನಿಮ್ಮ ಕೇಸು ಮುಗಿದಿದೆ. ಕಹಿ ಮಾತು, ಆದರೆ ಬೇರೆಯವರು ಆಸೆ ಹುಟ್ಟಿಸುವುದಕ್ಕಿಂತ ನಾನೇ ಹೇಳಿಬಿಡುತ್ತೇನೆ.

ಪೊಲೀಸ್ ಠಾಣೆಗಂತೂ ಹೋಗಬೇಡಿ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಗಾಡಿ ಓಟ ಎಲ್ಲ ನಿಲ್ಲಿಸಿದಾಗ ನಮ್ಮ ಕಡೆ ಎಷ್ಟು ಜನ ಜೋಡಿ ಮಾರಿಕೊಂಡರು ಅಂತ ಗೊತ್ತಲ್ವಾ? ಆಮೇಲೆ ಕರ್ನಾಟಕ ಕಂಬಳ, ಗಾಡಿ ಓಟಕ್ಕೆ ಕಾನೂನು ತಿದ್ದಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿ ಸರಿ ಅಂದಿತು. ಅನುಮತಿ ಸಿಕ್ಕಿರೋದು ಷರತ್ತಿನ ಮೇಲೆ, ಎತ್ತಿಗೆ ಹಿಂಸೆ ಆಗಬಾರದು ಅನ್ನೋ ಷರತ್ತು. ನೀವು ದೂರು ಕೊಟ್ಟರೆ ಅವರು ಮೊದಲು ನೋಡೋದು ಗೆರೆ ಯಾರು ದಾಟಿದರು ಅಂತಲ್ಲ. ಓಟಕ್ಕೆ ಅನುಮತಿ ಇತ್ತಾ, ನಿಮ್ಮೆತ್ತಿನ ಮೈಮೇಲೆ ಬಾಸುಂಡೆ ಇದೆಯಾ ಅಂತ ನೋಡುತ್ತಾರೆ. ಅವನ ಜೊತೆ ನೀವೂ ಸಿಕ್ಕಿಕೊಳ್ಳುತ್ತೀರಿ, ಮುಂದಿನ ವರ್ಷ ಆ ಊರಲ್ಲಿ ಓಟವೇ ಇರುವುದಿಲ್ಲ.

ಮುಂದಿನ ಸಲ ಚೀಟಿ ಎತ್ತುವ ಮುಂಚೆ ಕಮಿಟಿ ಹತ್ತಿರ ಒಂದು ಮಾತು ಆಡಿಸಿಕೊಳ್ಳಿ: ಗೆರೆ ದಾಟಿ ತಾಗಿದರೆ ಮರು ಓಟ, ಎರಡನೇ ಸಲವೂ ಅವನೇ ದಾಟಿದರೆ ಅವನು ಹೊರಗೆ. ಅದನ್ನು ಮೈಕಿನಲ್ಲೇ ಹೇಳಿಸಿ. ಟ್ರ್ಯಾಕಿನ ನಡುವೆ, ಎರಡೂ ಊರಿಗೆ ಸೇರದ ಒಬ್ಬರನ್ನು ಬಾವುಟ ಕೊಟ್ಟು ನಿಲ್ಲಿಸಲಿ. ನಾನು ಈಗ ಗಾಡಿ ಹೊಡೆಯುವುದಿಲ್ಲ, ನಮ್ಮೂರ ಓಟದಲ್ಲಿ ಆ ಬಾವುಟ ಹಿಡಿಯೋನು ನಾನೇ. ಬೈಸಿಕೊಳ್ಳೋದು ಜಾಸ್ತಿ.

ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ, ಅವತ್ತಿನಿಂದ ಎಡಗೋಲಿನ ಎತ್ತು ಮುಂಗಾಲು ಊರುತ್ತಿಲ್ಲ ಅಂತ. ಅದನ್ನು ಮೊದಲನೇ ಸಾಲಲ್ಲಿ ಬರೆಯಬೇಕಿತ್ತು. ಗೊರಸಿನ ಸಂದಿಯಲ್ಲಿ ಕಬ್ಬಿನ ಕೂಳೆ ಚುಚ್ಚಿರಬಹುದು, ಕೀಲು ಉಳುಕಿರಬಹುದು, ಫೋನಿನಲ್ಲಿ ನೋಡಿ ಹೇಳೋಕಾಗಲ್ಲ. ಗೊರಸು ತೊಳೆದು ನೋಡಿ, ಬಿಸಿ ಇದೆಯಾ ಅಂತ ಎರಡೂ ಕಾಲು ಮುಟ್ಟಿ ಹೋಲಿಸಿ, ನಾಳೆ ಬೆಳಿಗ್ಗೆಯೇ ಪಶು ಡಾಕ್ಟರನ್ನು ಕರೆಸಿ. ಅಲ್ಲಿಯವರೆಗೆ ನೊಗ ಹೂಡಬೇಡಿ, ಹೊಲದ ಕೆಲಸಕ್ಕೂ.