ಅಟ್ಟದ ಮೇಲಿರುವ 24 ಪುಸ್ತಕಗಳು

ಬಂದ ಪತ್ರಗಳಿಗೆ ಸರದಿಯಂತೆ ಉತ್ತರಿಸುವುದು ಈ ಅಂಕಣದಲ್ಲಿ ನಾನು ಇಟ್ಟುಕೊಂಡಿರುವ ಪದ್ಧತಿ. ಈ ವಾರ ಸರದಿ ತಪ್ಪಿಸಿದ್ದೇನೆ. ಮೂಡಿಗೆರೆ ತಾಲ್ಲೂಕಿನ ಒಂದು ತೋಟದ ಮನೆಯಿಂದ ಬಂದ ಪತ್ರದ ಎರಡನೆಯ ಪುಟದಲ್ಲಿದ್ದ ಒಂದು ಸಾಲು ಎರಡು ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ.

ಬರೆದವರಿಗೆ 62 ವರ್ಷ. ಪಿಯುಸಿ ಕಾಮರ್ಸ್ ಮುಗಿಸಿ, 1985ರಲ್ಲಿ ಮದುವೆಯಾಗಿ, 12 ಎಕರೆ ಕಾಫಿ ತೋಟವಿರುವ ಮನೆಗೆ ಸೊಸೆಯಾಗಿ ಬಂದವರು. ಯಜಮಾನರಿಗೆ ಈಗ 70 ತುಂಬುತ್ತಿದೆ. ಭೀಮರಥ ಶಾಂತಿಯನ್ನೂ ಮದುವೆಯ 40ನೆಯ ವರ್ಷವನ್ನೂ ಒಂದೇ ದಿನ ಮಾಡಲು ಮಕ್ಕಳು ನಿಶ್ಚಯಿಸಿದ್ದಾರೆ. ಅಂದು ಬಂದವರ ಕೈಗೆ ಕೊಡಲೆಂದು ಯಜಮಾನರು ತಮ್ಮ ಬದುಕಿನ ನೆನಪುಗಳನ್ನು ಬರೆದಿದ್ದು, ಬೆಂಗಳೂರಿನಲ್ಲಿರುವ ಮಗ ಅದನ್ನು ಟೈಪು ಮಾಡಿ, ತಿದ್ದಿ, 64 ಪುಟದ ಪುಸ್ತಿಕೆಯಾಗಿ ಅಚ್ಚಿಗೆ ಸಿದ್ಧಪಡಿಸಿದ್ದಾರೆ. ಆ 64 ಪುಟಗಳಲ್ಲಿ ಈ ತಾಯಿ ಕಾಣಿಸಿಕೊಳ್ಳುವುದು ಒಂದೇ ವಾಕ್ಯದಲ್ಲಿ: “ಧರ್ಮಪತ್ನಿಯ ಸಹಕಾರವೂ ನನಗೆ ದೊರೆಯಿತು.” ಸಮಾರಂಭದಲ್ಲಿ ಅಮ್ಮನೂ ಐದು ನಿಮಿಷ ಮಾತನಾಡಲೇಬೇಕೆಂಬುದು ಮಗಳ ಹಟ. “ಹಿಂದಕ್ಕೆ ತಿರುಗಿ ನೋಡಿದರೆ ನಾನೇನು ಮಾಡಿದೆ ಎಂದು ಹೇಳಲು ನನಗೇ ತೋಚುತ್ತಿಲ್ಲ ಮೇಡಂ. ಅಡುಗೆ ಮಾಡಿದೆ, ಮಕ್ಕಳನ್ನು ಸಾಕಿದೆ, ಅತ್ತೆ ಮಾವನನ್ನು ನೋಡಿಕೊಂಡೆ, ತೋಟದ ಲೆಕ್ಕ ಬರೆಯುತ್ತಿದ್ದೆ, ಅಷ್ಟೇ” ಎನ್ನುತ್ತಾರೆ. ಸುಮ್ಮನೆ ಫೋಟೋಗೆ ನಿಂತು ಬಿಡಲೇ, ಇಲ್ಲವೇ ಮನಸ್ಸಿನಲ್ಲಿರುವುದನ್ನು ಹೇಳಿ ಎಪ್ಪತ್ತರ ಮನುಷ್ಯನ ಸಂತೋಷವನ್ನು ಕೆಡಿಸಲೇ ಎಂಬುದು ಅವರ ಪ್ರಶ್ನೆ.

ಅಕ್ಕ, “ಅಷ್ಟೇ” ಎಂದು ನೀವು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲಿಯೇ ನಿಂತಿದ್ದೇನೆ.

1987ರಲ್ಲಿ ತೋಟದ ಲೆಕ್ಕ ಬರೆಯುತ್ತಿದ್ದ ರೈಟರು ಕೆಲಸ ಬಿಟ್ಟು ಹೋದರು, ಇನ್ನೊಬ್ಬರನ್ನು ಇಟ್ಟುಕೊಳ್ಳುವ ಶಕ್ತಿ ಇರಲಿಲ್ಲ, ಹಾಗಾಗಿ ಆಳುಗಳ ಹಾಜರಿ, ಕೂಲಿ ಬರೆಯುವ ಚೆಕ್‌ರೋಲ್ ನಿಮ್ಮ ಕೈಗೆ ಬಂತು. 2010ರ ಕೊನೆಯವರೆಗೆ ವರ್ಷಕ್ಕೊಂದರಂತೆ 24 ಪುಸ್ತಕ ಬರೆದಿರಿ. ಆಮೇಲೆ ಮಗ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡರು. ಇದನ್ನು ನೀವು ಮೂರು ಸಾಲಿನಲ್ಲಿ ಮುಗಿಸಿದ್ದೀರಿ. ಕಾಫಿ ನಾಡಿನ ಹೊರಗಿರುವ ಓದುಗರಿಗೆ ಈ ಮೂರು ಸಾಲಿನ ಭಾರ ತಿಳಿಯಲಾರದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1940ರ ದಶಕದಿಂದ ಜಾರಿಯಲ್ಲಿದ್ದ ಪೂಲ್ ಪದ್ಧತಿಯಲ್ಲಿ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು, ಹಣ ಮಾತ್ರ ಕಂತು ಕಂತಾಗಿ ಬರುತ್ತಿತ್ತು, ಒಂದು ಬೆಳೆಯ ಕೊನೆಯ ಕಂತು ಕೈಸೇರುವ ಹೊತ್ತಿಗೆ ಮುಂದಿನ ಬೆಳೆ ಕಣದಲ್ಲಿ ಒಣಗಿ ಹೋಗಿರುವುದೂ ಉಂಟು. ಆದರೆ ಕೂಲಿಯನ್ನು ಕಂತಿನಲ್ಲಿ ಕೊಡಲು ಬರುವುದಿಲ್ಲ. ಶನಿವಾರ ಸಂಜೆಯ ಬಟವಾಡೆಗೆ ತೋಟದ ಆಳುಗಳಾದ ಲೈನ್ ಮನೆಯವರು ಅಂಗಳದಲ್ಲಿ ಬಂದು ನಿಂತರೆಂದರೆ ಹಣ ಇರಲೇಬೇಕು, ಏಕೆಂದರೆ ಮರುದಿನ ಸಂತೆ. ಮರಗಸಿ, ಚಿಗುರು, ಕಳೆ, ಗೊಬ್ಬರ, ಕೊಯ್ಲು, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಯಾವ ಕಂತು ಬಂದಿಲ್ಲ, ಯಾವ ಸಾಲಕ್ಕೆ ಬಡ್ಡಿ ಓಡುತ್ತಿದೆ ಎಂಬುದೆಲ್ಲ ತಲೆಯಲ್ಲಿ ಇರುವವರೇ ಆ ಮನೆಯನ್ನು ನಡೆಸುತ್ತಿರುವವರು. ಇದನ್ನು ನಾನು ಈ ಅಂಕಣದಲ್ಲಿ ಬೇರೆ ಬೇರೆ ಮಾತುಗಳಲ್ಲಿ ಹಲವು ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಮನೆಯಲ್ಲಿ ಲೆಕ್ಕ ಯಾರ ಕೈಯಲ್ಲಿದೆಯೋ ಹೊಣೆಯೂ ಅವರ ಮೇಲಿರುತ್ತದೆ, ಪಹಣಿಯಲ್ಲಿ ಯಾರ ಹೆಸರಾದರೂ ಇರಲಿ.

1994ರಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ನಮ್ಮಲ್ಲಿ ಕಾಫಿಯ ಬೆಲೆ ಏರಿದ್ದು, 1996ರಲ್ಲಿ ಪೂಲ್ ಪೂರ್ತಿಯಾಗಿ ನಿಂತು ಮಾರಾಟ ಬೆಳೆಗಾರರ ಕೈಗೇ ಬಂದದ್ದು, 2000ದಿಂದ ಮುಂದೆ ಬೆಲೆ ನೆಲಕಚ್ಚಿದ್ದು, ಇವೆಲ್ಲವೂ ಪುಸ್ತಿಕೆಯಲ್ಲಿ ವಿವರವಾಗಿ ಬಂದಿವೆಯೆಂದು ಬರೆದಿದ್ದೀರಿ. ಕೊನೆಯ ಅಧ್ಯಾಯದಲ್ಲಿ “ಆ ಕಷ್ಟಕಾಲದಲ್ಲಿ ತೋಟವನ್ನು ಉಳಿಸಿಕೊಂಡೆ” ಎಂದಿದೆಯಂತೆ. ಅದೇ 2001ರಲ್ಲಿ ಗೊಬ್ಬರವನ್ನು ಅರ್ಧಕ್ಕೆ ಇಳಿಸೋಣ, ಆದರೆ ಆಳುಗಳನ್ನು ಬಿಡುವುದು ಬೇಡ ಎಂದು ಹೇಳಿದವರು ನೀವು. ಕಾಳುಮೆಣಸಿನ ಹಣವನ್ನು ಕೂಲಿಗೆಂದೇ ಬಿಸ್ಕತ್ತಿನ ಡಬ್ಬಿಯಲ್ಲಿ ಬೇರೆ ಇಟ್ಟು, ಮದುವೆ ಮುಂಜಿಯ ಉಡುಗೊರೆಗೂ ಅದನ್ನು ಮುಟ್ಟದೆ ಕಾಯ್ದವರು ನೀವು.

ಇನ್ನು ಎರಡನೆಯ ಪುಟದ ಆ ಸಾಲು. ಅಂಕಿ ಅಂಶ ಬೇಕೆಂದು ಮಗ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದಾಗ ನೀವು ಒಂದನ್ನು ಹಾಗೇ ತೆರೆದು ನೋಡಿದಿರಿ. ಅದು 1998ರ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ಅಂಚಿಗೆ ಒಲೆಯ ಹೊಗೆ ಹಿಡಿದಿದೆ. ಜನವರಿಯ ಒಂದು ಶನಿವಾರದ ಪುಟದಲ್ಲಿ, ಹೆಸರುಗಳ ಸಾಲಿನ ಪಕ್ಕದ ಖಾಲಿ ಜಾಗದಲ್ಲಿ, “ಅವ್ವ ಹೋದಳು. ಬಟವಾಡೆ ಸೋಮವಾರ” ಎಂದು ಬರೆದಿತ್ತು. “ಸೋಮವಾರದ ಪುಟದಲ್ಲಿ 31 ಹೆಸರುಗಳ ಮುಂದೆಯೂ ನನ್ನದೇ ಅಕ್ಷರ ಇತ್ತು, ನೋಡಿ ನನಗೇ ನಗು ಬಂತು” ಎಂದು ಬರೆದಿದ್ದೀರಿ.

ನನಗೆ ನಗು ಬರಲಿಲ್ಲ. ಶನಿವಾರ ತಾಯಿ ತೀರಿಕೊಂಡಿದ್ದಾರೆ. ಮಣ್ಣು ಮಾಡಿ, ತಲೆಗೆ ನೀರು ಹಾಕಿಕೊಂಡು, ಸೋಮವಾರ ಸಂಜೆಯ ಹೊತ್ತಿಗೆ ನೀವು ಗಂಡನ ಮನೆಯ ಜಗಲಿಯಲ್ಲಿ ಕುಳಿತು 31 ಜನರ ಕೂಲಿಯನ್ನು ಎಣಿಸಿ ಕೊಟ್ಟಿದ್ದೀರಿ. ತವರಿನಲ್ಲಿ ಅಕ್ಕ ತಂಗಿಯರ ನಡುವೆ ಕುಳಿತು ಅಳಲು ನಿಮಗೆ ಸಿಕ್ಕಿದ್ದು ಒಂದು ಭಾನುವಾರ. ಅರೇಬಿಕಾ ಕೊಯ್ಲು ಮುಗಿಯುತ್ತಾ ರೊಬಸ್ಟಾ ಶುರುವಾಗುವ ಕಾಲ ಅದು, ಆಳುಗಳು ಕೈಬಿಟ್ಟರೆ ಹಣ್ಣು ಗಿಡದಲ್ಲೇ ಒಣಗುತ್ತದೆ ಎಂಬುದು ನಿಮಗೆ ಗೊತ್ತಿತ್ತು. ಬಾ ಎಂದು ಯಾರೂ ಕರೆಸಿರಲಾರರು, ಹೇಳಿಸಿಕೊಳ್ಳದೆ ಬಂದಿರಿ. “ಸಹಕಾರ” ಎಂಬ ಪದದೊಳಗೆ ಆ ಸೋಮವಾರ ಹಿಡಿಸುವುದಿಲ್ಲ.

ಈ ವಿಷಯದಲ್ಲಿ ನಾನು ಇಷ್ಟು ಗಟ್ಟಿಯಾಗಿ ಮಾತನಾಡಲು ಕಾರಣವಿದೆ. ಹಾಸನದ ನಮ್ಮ ಹಳೆಯ ಮನೆಯಲ್ಲಿ ಅಡುಗೆ ಕೋಣೆಯ ಬಾಗಿಲ ಹಿಂದಿನ ಗೋಡೆ ನನ್ನ ಅಜ್ಜಿಯ ಲೆಕ್ಕದ ಪುಸ್ತಕವಾಗಿತ್ತು. ಓದು ಬರಹ ಬಾರದ ಅಜ್ಜಿ ಹಾಲು ಹಾಕಿದ ಮನೆಗೊಂದು ಗುರುತು ಮಾಡಿ, ಸೇರಿಗೊಂದು ಉದ್ದ ಗೆರೆ, ಪಾವಿಗೊಂದು ಗಿಡ್ಡ ಗೆರೆ ಎಂದು ಇದ್ದಿಲಿನಲ್ಲಿ ಎಳೆಯುತ್ತಿದ್ದಳು. ಆ ಗೆರೆಗಳಿಂದಲೇ ನನ್ನ ತಂದೆಯ ಶಾಲೆಯ ಖರ್ಚು ಹುಟ್ಟಿತು. ಚಿಕ್ಕಪ್ಪನ ಮದುವೆಗೆ ಮನೆಗೆ ಸುಣ್ಣ ಬಳಿಸುವಾಗ ಆ ಗೋಡೆಯನ್ನೂ ಬಳಿಸಿಬಿಟ್ಟರು. ಅಜ್ಜಿ ಆ ಸಂಜೆ ಬಾಗಿಲ ಹಿಂದೆ ನಿಂತು ಹಸಿ ಸುಣ್ಣದ ಮೇಲೆ ಅಂಗೈ ಇಟ್ಟುಕೊಂಡಿದ್ದುದನ್ನು ನಾನು ನೋಡಿದ್ದೇನೆ. ನನಗಾಗ ಏಳು ವರ್ಷ.

ನಿಮ್ಮ ಯಜಮಾನರ ಮೇಲೆ ನನಗೆ ಸಿಟ್ಟು ಬರುತ್ತಿಲ್ಲ ಎಂದರೆ ಕೆಲವು ಓದುಗರು ಬೇಸರಪಡಬಹುದು. ಅವರು ಬೆಳಿಗ್ಗೆ ತೋಟಕ್ಕೆ ಇಳಿದು ಕತ್ತಲಾದ ಮೇಲೆ ಹತ್ತಿ ಬರುತ್ತಿದ್ದ ಮನುಷ್ಯ, ಜಗಲಿಯ ಮೇಲೆ ಏನು ನಡೆಯುತ್ತಿತ್ತೆಂಬುದನ್ನು ಆ ದಣಿವಿನಲ್ಲಿ ಕಂಡಿರಲಾರರು. ಕಾಣಬೇಕಾಗಿತ್ತು, ನಿಜ. ಆದರೂ ತಾವು ಕಂಡಷ್ಟನ್ನು ಅವರು ಪ್ರಾಮಾಣಿಕವಾಗಿ ಬರೆದಿದ್ದಾರೆ. ನನ್ನ ಸಿಟ್ಟೆಲ್ಲ ನಿಮ್ಮ ಮಗನ ಮೇಲಿದೆ, ಅವರು ಈ ಅಂಕಣವನ್ನು ಓದಿದರೆ ಓದಲಿ. ಪುಸ್ತಿಕೆಯ ಕೊನೆಯಲ್ಲಿ ವರ್ಷವಾರು ಇಳುವರಿ ಮತ್ತು ಬೆಲೆಯ ಕೋಷ್ಟಕವಿದೆ ಎಂದಿದ್ದೀರಿ. ಆ ಅಂಕಿಗಳು ಬಂದದ್ದು ಎಲ್ಲಿಂದ? ಅಟ್ಟ ಹತ್ತಿ, 24 ಪುಸ್ತಕಗಳನ್ನು ಇಳಿಸಿ, ಪುಟ ಪುಟವೂ ಅಮ್ಮನ ಅಕ್ಷರವನ್ನು ನೋಡುತ್ತಾ ಅಂಕಿಗಳನ್ನು ಬರೆದುಕೊಂಡು, ಪುಸ್ತಕಗಳನ್ನು ಮತ್ತೆ ಅದೇ ಗೋಣಿಚೀಲದಲ್ಲಿ ಕಟ್ಟಿ ಮೇಲಿಟ್ಟವರು ಅವರು. ತಂದೆಗೆ ಕಾಣದೇ ಹೋಗಿದ್ದು ಮಗನ ಕಣ್ಣೆದುರು ಬಿದ್ದಿತ್ತು. ಕೋಷ್ಟಕದ ಕೆಳಗೆ “ಅಮ್ಮ ಬರೆದ ಲೆಕ್ಕದಿಂದ” ಎಂದು ಮೂರು ಪದ ಸೇರಿಸಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ನಿಮ್ಮ ನಾದಿನಿಯವರು “ಈ ವಯಸ್ಸಿನಲ್ಲಿ ಹೆಸರು ಕಟ್ಟಿಕೊಂಡು ಏನಾಗಬೇಕು ಅತ್ತಿಗೆ, ತಾಳ್ಮೆಯಿಂದಿರಿ” ಎಂದರಂತೆ. ನಮ್ಮೂರ ಹಾಸನಾಂಬೆಯ ಗುಡಿಯಲ್ಲಿ ಸೊಸೆ ಕಲ್ಲು ಎಂಬುದಿದೆ. ಅತ್ತೆಯ ಕಾಟ ತಾಳದೆ ದೇವಿಯನ್ನು ಮೊರೆಹೊಕ್ಕ ಸೊಸೆ ಕಲ್ಲಾದಳೆಂದೂ, ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆಂದೂ ಜನ ನಂಬುತ್ತಾರೆ. ವರ್ಷಕ್ಕೊಮ್ಮೆ ಬಾಗಿಲು ತೆರೆದಾಗ ನಾನೂ ಸಾಲಿನಲ್ಲಿ ನಿಂತು ಕೈಮುಗಿದು ಬರುತ್ತೇನೆ, ಪ್ರತಿ ಸಲವೂ ಆ ಕಲ್ಲಿನ ನೆನಪಾಗಿ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ನಲವತ್ತು ವರ್ಷಕ್ಕೆ ನಲವತ್ತು ಅಕ್ಕಿಕಾಳು. ಅಷ್ಟು ತಾಳ್ಮೆಯನ್ನು ನಾನು ಯಾವ ಹೆಣ್ಣಿಗೂ ಬೋಧಿಸುವುದಿಲ್ಲ.

ಐದು ನಿಮಿಷದ ಭಾಷಣದ ಚಿಂತೆಯನ್ನು ಸದ್ಯಕ್ಕೆ ಬಿಡಿ, ಅದು ಆಮೇಲೆ ತಾನಾಗಿಯೇ ಬರುತ್ತದೆ. ಪುಸ್ತಿಕೆಯಲ್ಲಿ ನನ್ನ ಹೆಸರು ಸೇರಿಸಿ ಎಂದು ಯಾರನ್ನೂ ಕೇಳಬೇಡಿ. ಮಾಡಬೇಕಾದ ಕೆಲಸ ಒಂದೇ. ರಾತ್ರಿ ಊಟವಾದ ಮೇಲೆ, ಟಿವಿ ಆರಿಸಿ, ಕನ್ನಡಕ ಹಾಕಿಕೊಂಡು, ಯಜಮಾನರನ್ನು ಎದುರಿಗೆ ಕೂರಿಸಿಕೊಂಡು, 1987ರ ಪುಸ್ತಕದ ಮೊದಲ ಪುಟದಿಂದ ನೀವೇ ಗಟ್ಟಿಯಾಗಿ ಓದಿ. ದಿನಕ್ಕೊಂದು ಪುಸ್ತಕದಿಂದ ಹತ್ತು ಪುಟವಾದರೂ ಸಾಕು. ಹೆಸರುಗಳನ್ನೂ ಓದಿ, ಮುಂಗಡವನ್ನೂ ಓದಿ, ಮಗುವಿಗೆ ಜ್ವರ ಬಂದದ್ದು, ಹೂಮಳೆ ತಡವಾದದ್ದು, ಪಕ್ಕದಲ್ಲಿ ಏನೇನು ಬರೆದಿದ್ದೀರೋ ಅದೆಲ್ಲವನ್ನೂ ಓದಿ. ವ್ಯಾಖ್ಯಾನ ಬೇಡ, ದೂರು ಬೇಡ. ಅರ್ಧ ಹೆಸರುಗಳಿಗೆ ಅವರೇ ಕತೆ ಹೇಳಲು ತೊಡಗುತ್ತಾರೆ, ಹೇಳಲಿ. 1998ರ ಜನವರಿಗೆ ಬಂದಾಗ ಆ ಎರಡು ವಾಕ್ಯಗಳನ್ನೂ ಓದಿ, ಪುಸ್ತಕವನ್ನು ಅವರ ಕೈಗೆ ಕೊಟ್ಟು, ಸೋಮವಾರದ ಪುಟವನ್ನು ಅವರೇ ಓದುವಂತೆ ಮಾಡಿ.

ಇದೆಲ್ಲ ಪುಸ್ತಿಕೆ ಅಚ್ಚಿಗೆ ಹೋಗುವ ಮೊದಲು ಆಗಬೇಕು. ಮುಂದಿನ ತಿಂಗಳ ಕೊನೆಯವರೆಗೆ ಸಮಯವಿದೆ ಎಂದಿದ್ದೀರಿ. ಮೊಣಕಾಲು ನೋವಿದೆಯೆಂದೂ ಬರೆದಿದ್ದೀರಿ, ಆದ್ದರಿಂದ ಏಣಿ ಹತ್ತುವ ಸಾಹಸ ಬೇಡ. ಈ ಶನಿವಾರ ಮಗ ಊರಿಗೆ ಬರುತ್ತಾರಲ್ಲ, ಅವರಿಗೇ ಹೇಳಿ ಇಳಿಸಿಕೊಳ್ಳಿ. ಗೋಣಿಚೀಲ ಅಟ್ಟದ ಯಾವ ಮೂಲೆಯಲ್ಲಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ.