ಮೇಸ್ತ್ರಿ ಮಗಳು ಆರ್ಕಿಟೆಕ್ಟ್ ಆಗಬಹುದಾ?

ಪ್ರಶ್ನೆ: ಮೇಡಂ, ನಾನು ಗಾರೆ ಮೇಸ್ತ್ರಿ. ಇಪ್ಪತ್ತು ವರ್ಷದಿಂದ ಮಂಡ್ಯದ ಸುತ್ತಮುತ್ತ ಮನೆ ಕಟ್ಟುತ್ತಿದ್ದೇನೆ. ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಆರ್ಕಿಟೆಕ್ಟ್ ಆಗ್ತೀನಿ ಅಂತಾಳೆ. ಸಿವಿಲ್ ಇಂಜಿನಿಯರಿಂಗ್ ಮಾಡಿದರೆ ಸಾಲದಾ? ಅವಳಿಗೆ ಚಿತ್ರ ಬರೆಯೋದೂ ಅಷ್ಟಕ್ಕಷ್ಟೆ.

ಉತ್ತರ: ಮೇಸ್ತ್ರಿಗಳೇ, ಇದರ ಅರ್ಧ ಉತ್ತರ ನಿಮ್ಮ ಸೈಟಿನಲ್ಲೇ ಇದೆ. 30-40 ಜಾಗದಲ್ಲಿ ಒಂದು ಮನೆ ಅಂತಿಟ್ಟುಕೊಳ್ಳಿ. ಅಡುಗೆಮನೆಗೆ ಬೆಳಗಿನ ಬಿಸಿಲು ಬರುತ್ತಾ, ಅಜ್ಜಿಯ ಕೋಣೆಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ಮೆಟ್ಟಿಲು ಎಲ್ಲಿಟ್ಟರೆ ಜಾಗ ಉಳಿಯುತ್ತೆ? ಇದು ಆರ್ಕಿಟೆಕ್ಟ್ ತಲೆನೋವು. ಗದ್ದೆ ತುಂಬಿಸಿ ಮಾಡಿದ ಸೈಟಾದರೆ ಪಾಯ ಎಷ್ಟು ಆಳ ಹೋಗಬೇಕು, ಕಂಬಕ್ಕೆ ಎಷ್ಟು ಕಂಬಿ ಬೇಕು? ಇದು ಸಿವಿಲ್ ಇಂಜಿನಿಯರ್ ಲೆಕ್ಕ. ನಮ್ಮ ಕಡೆ ಚಿಕ್ಕ ಮನೆಗೆ ಎರಡನ್ನೂ ಒಬ್ಬರೇ ಮಾಡಿಬಿಡುತ್ತಾರೆ. ಎಷ್ಟೋ ಸಲ ಮೇಸ್ತ್ರಿಯೇ ಮಾಡುತ್ತಾರೆ, ಅಲ್ವಾ? ನಿಮಗೆ ಅನುಮಾನ ಬಂದಿರೋದು ಅದಕ್ಕೇ. (ಆರ್ಕಿಟೆಕ್ಟ್ ಅಂದರೆ ವಾಸ್ತು ನೋಡುವವರು ಅಂದುಕೊಂಡು ನನಗೆ ಫೋನ್ ಮಾಡುವವರು ಈಗಲೂ ಇದ್ದಾರೆ.)

ಸಿವಿಲ್ ಬಿ.ಇ. 4 ವರ್ಷ, ಆರ್ಕಿಟೆಕ್ಟ್ ಆಗಲು ಓದುವ ಬಿ.ಆರ್ಕ್ 5 ವರ್ಷ. ಬಿ.ಆರ್ಕ್‌ಗೆ ಪಿಯುಸಿಯಲ್ಲಿ ಗಣಿತ, ಭೌತವಿಜ್ಞಾನ ಇರಲೇಬೇಕು. ಜೊತೆಗೆ 'ನಾಟಾ' ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮ ರಾಜ್ಯದಲ್ಲಿ ಪರೀಕ್ಷಾ ಪ್ರಾಧಿಕಾರ (ಕೆಇಎ) ಸೀಟು ಹಂಚುವಾಗ ನಾಟಾ ಅಂಕಕ್ಕೆ ಅರ್ಧ, ಪಿಯುಸಿ ಅಂಕಕ್ಕೆ ಅರ್ಧ ತೂಕ. ಹಾಗಾಗಿ ಈಗ ಪಿಯುಸಿ ಪುಸ್ತಕ ಬದಿಗಿಟ್ಟು ಬರೀ ಚಿತ್ರದ ಕೋಚಿಂಗಿಗೆ ಓಡಬೇಡಿ.

ಚಿತ್ರದ ಭಯ ಬೇಡ. ಈಚಿನ ವರ್ಷಗಳಲ್ಲಿ ನಾಟಾದ 200 ಅಂಕದಲ್ಲಿ ಚಿತ್ರ ಮತ್ತು ರಚನೆಗೆ 80. ಅಲ್ಲೂ ದೇವರ ಪಟದ ಹಾಗೆ ಬಿಡಿಸಿ ಅಂತ ಕೇಳಲ್ಲ. ವಸ್ತುವನ್ನು ಬೇರೆ ಬೇರೆ ಕಡೆಯಿಂದ ನಿಂತು ಊಹಿಸಿಕೊಳ್ಳೋಕೆ ಬರುತ್ತಾ ಅಂತ ನೋಡುತ್ತಾರೆ. ಒಂದು ಭಾನುವಾರ ಅವಳ ಕೈಗೆ ಟೇಪು ಕೊಡಿ. ನಿಮ್ಮ ಮನೆಯನ್ನೇ ಅಳೆದು ಪ್ಲಾನ್ ಹಾಕಲಿ. ಆಮೇಲೆ ಗೋಡೆ ಎಲ್ಲಿ ಒಡೆದರೆ ಗಾಳಿ ಬರುತ್ತೆ ಅಂತ ಕೇಳಿ. ಹೊತ್ತು ಹೋಗಿದ್ದೇ ಗೊತ್ತಾಗದೆ ಕೂತಳೋ, ಬಿ.ಆರ್ಕ್‌ಗೆ ಕಳಿಸಿ. ಗೋಡೆ ಒಡೆಯೋದು ಬಿಟ್ಟು ಆ ಗೋಡೆ ಮೋಲ್ಡಿನ ಭಾರ ಹೊತ್ತಿದೆಯಾ ಅಂತ ನಿಮ್ಮನ್ನೇ ಕೇಳಿದಳೋ, ಸಿವಿಲ್ಲೇ ಸರಿ.

ಮೈಸೂರಿನಲ್ಲಿ ವಾಡಿಯಾರ್ ಸೆಂಟರ್ ಫಾರ್ ಆರ್ಕಿಟೆಕ್ಚರ್, ಮೈಸೂರ್ ಸ್ಕೂಲ್ ಆಫ್ ಆರ್ಕಿಟೆಕ್ಚರ್ ಇವೆ. ಯಾವ ಕಾಲೇಜಾದರೂ ಆ ವರ್ಷಕ್ಕೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಒಪ್ಪಿಗೆ ಇದೆಯಾ ಅಂತ ನೋಡಿಯೇ ದುಡ್ಡು ಕಟ್ಟಿ. 1972ರ ಕಾನೂನಿನ ಪ್ರಕಾರ ಆ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳಬಹುದು. ಇಂಟೀರಿಯರ್ ಡಿಪ್ಲೊಮಾ ಮಾಡಿದರೆ ಆ ಹೆಸರು ಸಿಗಲ್ಲ.

ಒಂದು ಮಾತು ಮುಚ್ಚಿಡಲ್ಲ. ಚಿಕ್ಕ ಆಫೀಸುಗಳಲ್ಲಿ ಮೊದಲ ಎರಡು ಮೂರು ವರ್ಷ ಸಂಬಳ ಕಡಿಮೆ, ಕೆಲಸ ಜಾಸ್ತಿ. ನಾನು ಸೇರಿದ ಮೊದಲ ಆಫೀಸಿನಲ್ಲಿ ಬರೀ ಬಾತ್‌ರೂಮ್ ಟೈಲ್ಸ್ ಡ್ರಾಯಿಂಗ್ ಮಾಡುತ್ತಾ ಒಂದು ವರ್ಷ ಕಳೆದೆ. ನಿಮ್ಮ ಮಗಳಿಗೆ ಒಂದು ಅನುಕೂಲ ಇದೆ. ರಸಮಟ್ಟ, ಕರಣೆ, ಸೆಂಟ್ರಿಂಗ್ ಅವಳಿಗೆ ಮನೆಮಾತು. ನಾವು ಕಾಲೇಜು ಮುಗಿಸಿದ ಮೇಲೆ ಅದನ್ನೆಲ್ಲ ಮೇಸ್ತ್ರಿಗಳ ಹತ್ತಿರ ಬೈಸಿಕೊಂಡು ಕಲಿತೆವು.

ಪ್ರಶ್ನೆ: ಮೈಸೂರಿನಲ್ಲಿ ಡಿಪ್ಲೊಮಾ ಸಿವಿಲ್ ಮುಗಿಸಿದೆ. ಆಟೋಕ್ಯಾಡ್ ಕೋರ್ಸ್ ಮಾಡಿದರೆ ಕೆಲಸ ಸಿಗುತ್ತಾ?

ಉತ್ತರ: ಸಿಗುತ್ತೆ. ಆದರೆ ಆಟೋಕ್ಯಾಡ್ ಒಂದೇ ಗೊತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಎಸ್ಟಿಮೇಟ್ ಹಾಕೋದು, ಅಳತೆ ಬರೆದು ಬಿಲ್ ಮಾಡೋದು ಕಲಿಯಿರಿ. ಕಾಂಕ್ರೀಟ್ ಹಾಕುವ ದಿನ ಸೈಟಿನಲ್ಲಿರಿ. ಟೆಸ್ಟಿಗೆ ಅಂತ ಆ ಕಾಂಕ್ರೀಟನ್ನು ಕ್ಯೂಬ್ ಅಚ್ಚಿಗೆ ತುಂಬಿಸಿ, ಎಷ್ಟು ಗಟ್ಟಿಯಾಗಿದೆ ಅಂತ ಹೇಳುವ 7 ಮತ್ತು 28ನೇ ದಿನದ ಟೆಸ್ಟ್ ರಿಪೋರ್ಟ್ ನೀವೇ ಓದಿ. ಮುಂದೆ ಓದೋದಾದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರಬಹುದು.

ಪ್ರಶ್ನೆ: ನಾನು ಮೈಸೂರಿನವನು. ಹಳೇ ಕಟ್ಟಡ ಉಳಿಸುವ ಕೆಲಸದಲ್ಲಿ ಬದುಕು ಆಗುತ್ತಾ?

ಉತ್ತರ: ಮೈಸೂರಿನಲ್ಲಿದ್ದುಕೊಂಡು ಈ ಪ್ರಶ್ನೆಯೇ! 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ಅದನ್ನೂ ದೇವರಾಜ ಮಾರುಕಟ್ಟೆಯನ್ನೂ ಕೆಡವಬೇಕಾ ಉಳಿಸಬೇಕಾ ಅಂತ ವರ್ಷಗಟ್ಟಲೆ ಜಗಳ ನಡೆದಿದೆ. ಅಂಥ ಕಡೆ ಗೋಡೆ ಓದೋಕೆ ಬರುವವರು ಬೇಕು. ಬಿ.ಆರ್ಕ್ ಆದಮೇಲೆ ದೆಹಲಿ, ಭೋಪಾಲ್‌ನ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ (ಎಸ್‌ಪಿಎ) ಸಂಸ್ಥೆಗಳಲ್ಲಿ ಸಂರಕ್ಷಣೆಯನ್ನೇ ಓದಬಹುದು.

ಹಳೇ ಕಟ್ಟಡಗಳ ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಹೊರಗೆ ಹೋಗದೆ ಒಳಗೇ ಕೂತು ಪ್ಲಾಸ್ಟರ್ ಎದ್ದು ಬರುತ್ತೆ. ಕೆಆರ್‌ಎಸ್ ಅಣೆಕಟ್ಟು ನಿಂತಿರೋದೂ ಸುಣ್ಣ, ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೆಯ ಮೇಲೆ. ಗಾರೆ ಅಂದರೆ ಮೊದಲಿಗೆ ಸುಣ್ಣವೇ. ಈಗ ಗಾರೆ ಕೆಲಸದವರಲ್ಲೇ ಬಹಳ ಜನ ಸುಣ್ಣ ಮುಟ್ಟಿಲ್ಲ. ಎತ್ತು ಕಟ್ಟಿ ಗಾರೆ ಅರೆದದ್ದನ್ನು ನೋಡಿದ ಹಿರಿಯರು ನಿಮ್ಮೂರಲ್ಲಿ ಯಾರಾದರೂ ಇದ್ದರೆ ಈ ವಾರವೇ ಹೋಗಿ ಕೂತುಕೊಳ್ಳಿ. ಸುಣ್ಣ ಎಷ್ಟು ದಿನ ನೆನೆಸುತ್ತಿದ್ದರು, ಮರಳು ಎಷ್ಟು ಹಾಕುತ್ತಿದ್ದರು, ಎಲ್ಲ ಬರೆದುಕೊಳ್ಳಿ.